ನನ್ನ ಬದಲಿಗೆ ಕೊಲೆಗಳನ್ನು ನೋಡಿದವರು

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿದ್ದು ನಿಜವಾಯಿತು ಎನ್ನುವಂಥ ಮಾತುಗಳನ್ನು ನಾನು ನಂಬಿದವಳಲ್ಲ. ನಂಬುವವರನ್ನು ಎದುರಿಗೇ ಆಡಿಕೊಳ್ಳುತ್ತಿದ್ದೆ ಕೂಡ. ಮೈಸೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದಾಗ ನೀರಿನ ಟ್ಯಾಂಕಿನ ಹತ್ತಿರ ಬಿಳಿ ಸೀರೆಯ ಹೆಂಗಸು ಕಂಡಳೆಂದು ಗೆಳತಿಯೊಬ್ಬಳು ಜ್ವರ ಬಂದು ಮಲಗಿದ್ದಳು. ಸೀರೆ ಯಾವ ಅಂಗಡಿಯದು ಎಂದು ಕೇಳಿಕೊಂಡು ಬರಬಾರದಿತ್ತೇ ಎಂದಿದ್ದೆ. ಅವಳು ಇದನ್ನು ಓದಿದರೆ ಈಗ ನಗುವ ಸರದಿ ಅವಳದು. ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ, ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಡಾಟ್‌ಕಾಮ್ ಭರಾಟೆಯ ವರ್ಷಗಳವು. ಸ್ಯಾನ್ ಹೊಸೆಯ ಒಂದು ನೆಲಮಹಡಿಯ ಅಪಾರ್ಟ್‌ಮೆಂಟಿನಲ್ಲಿ ನಾವಿದ್ದೆವು. ನಾವು ಎಂದರೆ ನಾನು ಮತ್ತು ನನ್ನ ಗಂಡ ಸುಧೀಂದ್ರ, ಅದೂ ಬಾಡಿಗೆ ಕರಾರಿನ ಮಟ್ಟಿಗೆ. ಅವನು ಮೆನ್ಲೋ ಪಾರ್ಕಿನ ಒಂದು ಹೊಸ ಕಂಪನಿಯಲ್ಲಿದ್ದ. ಆ ಕಂಪನಿ ಏನು ಮಾಡುತ್ತದೆ ಎಂದು ಕೇಳಿದರೆ ಪ್ರತಿ ಸಲ ಬೇರೆ ಉತ್ತರ ಬರುತ್ತಿತ್ತು, ಬದಲಾಗದೆ ಉಳಿದದ್ದು ‘ಮುಂದಿನ ತಿಂಗಳು ಲಾಂಚು’ ಎಂಬ ಮಾತು ಮಾತ್ರ. ಶನಿವಾರ ಭಾನುವಾರಗಳೂ ಲಾಂಚಿಗೇ ಹೋಗುತ್ತಿದ್ದವು. ಎಷ್ಟೋ ಸಲ ಅವನು ಆಫೀಸಿನ ಸೋಫಾದ ಮೇಲೇ ಮಲಗಿ, ಬೆಳಿಗ್ಗೆ ಮನೆಗೆ ಬಂದು ಸ್ನಾನ ಮಾಡಿ ಮತ್ತೆ ಹೊರಡುತ್ತಿದ್ದ.

ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ, ಕಾರು ಓಡಿಸುವ ಲೈಸೆನ್ಸೂ ಇರಲಿಲ್ಲ. ಆ ಊರಿನಲ್ಲಿ ಕಾರಿಲ್ಲದವರೆಂದರೆ ಕಾಲಿಲ್ಲದವರೇ. ಬೆಳಗಿನಿಂದ ಯಾರೊಡನೆಯೂ ಮಾತಾಡದೆ, ಸಂಜೆ ಫೋನೆತ್ತಿ ಹಲೋ ಎಂದರೆ ದನಿ ಗೊಗ್ಗರಾಗಿ ಬರುತ್ತಿತ್ತು. ನನಗೆ ಅಲ್ಲಿ ಯಾವ ಕಷ್ಟವೂ ಇರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ನಾನು ಉಂಡೆನೋ ಬಿಟ್ಟೆನೋ, ಹಗಲಿಡೀ ಏನು ಮಾಡಿದೆನೋ ತಿಳಿದ ಒಂದು ಜೀವವೂ ಸುತ್ತಮುತ್ತ ಇರಲಿಲ್ಲ. ಅದು ಒಳಗೊಳಗೇ ತಿನ್ನುತ್ತಿತ್ತು.

ಹೀಗಿರುವಾಗ ವಾಲ್ನಟ್ ಕ್ರೀಕಿನಿಂದ ಡಾಕ್ಟರಮ್ಮ ಒಬ್ಬರು ಫೋನು ಮಾಡಿದರು. ಅವರು ಅಲ್ಲಿಯ ಕನ್ನಡಿಗರ ವಾರ್ಷಿಕ ಸಂಚಿಕೆಯ ಸಂಪಾದಕಿ. ಊರಿನಲ್ಲಿದ್ದಾಗ ನಾನು ವಾರಪತ್ರಿಕೆಯೊಂದಕ್ಕೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದದ್ದು ಅವರಿಗೆ ಹೇಗೋ ಗೊತ್ತಾಗಿತ್ತು. “ಎಲ್ಲಾರೂ ಊರಿನ ತಿಂಡಿ ನೆನಪು, ಹಬ್ಬದ ನೆನಪು ಅಂತಾನೇ ಕಳಿಸ್ತಾರೆ ಕಣ್ರೀ. ಓದಿ ಓದಿ ನಂಗೆ ಶುಗರ್ರು ಬರೋ ಹಾಗಿದೆ. ನೀವೊಂದು ಖಾರವಾಗಿರೋದು ಬರೀರಿ, ಭಯ ಆಗೋ ಥರದ್ದು,” ಎಂದರು. ನನಗೆ ಉತ್ಸಾಹ ಬಂತು. ಸರಣಿ ಕೊಲೆಗಾರರ ಬಗೆಗಿನ ಎರಡು ಪ್ರಸಿದ್ಧ ಥ್ರಿಲ್ಲರ್ ಸಿನಿಮಾಗಳನ್ನು, ಒಂದು ಹಳೆಯದು ಒಂದು ಹೊಸದು, ಪಕ್ಕಪಕ್ಕ ಇಟ್ಟು ಬರೆಯುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಸಿನಿಮಾಗಳ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಕೆಲವರು ಹುಡುಕಿ ನೋಡಿ, ಆಮೇಲೆ ನನ್ನನ್ನು ಬೈಯುತ್ತೀರಿ. ಹಳೆಯದು ಕಪ್ಪುಬಿಳುಪಿನದು. ಬಂದರು ಊರಿನ ಒಂದು ಬೀದಿ, ಅಲ್ಲಿ ಒಂಟಿಯಾಗಿರುವ ಹೆಂಗಸರು, ನಸುಕಿನಲ್ಲಿ ಹಾಲು ಹಾಕಲು ಬರುವವನು. ಅವನ ಮುಖ ನಮಗೆ ಕಾಣುವುದೇ ಇಲ್ಲ, ಬಿಳಿಯ ಕೈಗವಸು ಕಾಣುತ್ತದೆ, ಬಾಟಲಿಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತದೆ. ಹೊಸದು ಬಣ್ಣದ್ದು, ದೊಡ್ಡ ಶಹರದ್ದು. ಕೊಲೆಗಾರ ಲಿಫ್ಟ್ ರಿಪೇರಿ ಮಾಡುವವನು, ಮೊದಲ ದೃಶ್ಯದಿಂದಲೇ ಅವನ ಮುಖ ಎದುರಿಗಿರುತ್ತದೆ. ಅವನನ್ನು ಹುಡುಕುವ ಇಬ್ಬರು ಪೊಲೀಸರಿಗೆ ಮಾತ್ರ ಕಾಣುವುದಿಲ್ಲ.

ಎರಡೂ ಕ್ಯಾಸೆಟ್ಟು ಸಿಕ್ಕಿದ್ದು ನಮ್ಮ ಮನೆಯಿಂದ ನಡೆದು ಹೋಗಬಹುದಾದ ಒಂದೇ ಅಂಗಡಿಯಲ್ಲಿ. ಅದೊಂದು ಇಂಡಿಯನ್ ಗ್ರೋಸರಿ, ಬೆಂಗಳೂರಿನ ಅನ್ವರ್ ಭಾಯಿಯದು. ಮುಂದೆ ಬೇಳೆ, ಹಿಟ್ಟು, ಕರಿಬೇವು. ಹಿಂದಿನ ಗೋಡೆಯುದ್ದಕ್ಕೂ ಬಾಡಿಗೆಗೆ ಹಿಂದಿ ಸಿನಿಮಾ ಕ್ಯಾಸೆಟ್ಟುಗಳು, ಕೆಳಗಿನ ಸಾಲಿನಲ್ಲಿ ಧೂಳು ಹಿಡಿದ ನಾಲ್ಕಾರು ಇಂಗ್ಲಿಷ್ ಸಿನಿಮಾಗಳು. ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಅವರ ತಾಯಿ ಖತೀಜಾಬಿ ಕೊತ್ತಂಬರಿ ಕಟ್ಟು ಬಿಡಿಸುತ್ತ ಕೂತಿರುತ್ತಿದ್ದರು. ಅವರು ಹುಬ್ಬಳ್ಳಿ ಕಡೆಯವರು. ಕ್ಯಾಸೆಟ್ಟಿನ ಮೇಲಿನ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಏನವಾ, ಒಬ್ಬಾಕಿನ ಮನ್ಯಾಗ ಕುಂತು ಇಂಥಾವೆಲ್ಲ ನೋಡ್ತೀ? ಹೆದರಿಕಿ ಆಗೂದಿಲ್ಲೇನು?” ಎಂದು ಕೇಳಿದರು. ನಾನು ದೊಡ್ಡ ಧೈರ್ಯಸ್ಥೆಯ ಹಾಗೆ ನಕ್ಕೆ.

ಮನೆಗೆ ಬಂದು ನೋಡಿದರೆ ಧೈರ್ಯವೆಲ್ಲ ಮೊದಲ ಕಾಲುಗಂಟೆಗೇ ಮುಗಿಯಿತು. ವಿಮರ್ಶೆ ಬರೆಯುವ ಕಾಲದಲ್ಲಿ ಥಿಯೇಟರಿನಲ್ಲಿ ನೂರು ಜನರ ನಡುವೆ ಕೂತು ನೋಡುತ್ತಿದ್ದೆ, ಪಕ್ಕದವರು ಕಡಲೆಕಾಯಿ ಸುಲಿಯುತ್ತಿದ್ದರು. ಇಲ್ಲಿ ಮಧ್ಯಾಹ್ನದ ಬಿಸಿಲಿದ್ದರೂ ಮನೆ ತುಂಬ ಮೌನ, ಹಿಂದೆ ಪ್ಯಾಟಿಯೋ ಎನ್ನುವ ಪುಟ್ಟ ಹಿತ್ತಲಂಗಳಕ್ಕೆ ತೆರೆಯುವ ಗಾಜಿನ ಬಾಗಿಲು. ಸಿನಿಮಾದ ಹೆಂಗಸು ಹಾಲಿನ ಬಾಟಲಿ ಎತ್ತಿಕೊಳ್ಳಲು ಬಾಗಿಲ ಚಿಲಕಕ್ಕೆ ಕೈ ಹಾಕಿದಳು. ನಾನು ಥಟ್ಟನೆ ನಿಲ್ಲಿಸಿ ಕ್ಯಾಸೆಟ್ಟನ್ನು ಹೊರಗೆಳೆದೆ.

ಇನ್ನೊಂದು ತೊಂದರೆಯೂ ಇತ್ತು, ಕೇಳಿದರೆ ನಗುತ್ತೀರಿ. ಸಂಜೆ ದೇವರ ಮುಂದೆ ದೀಪ ಹಚ್ಚುವುದನ್ನು ನಾನು ಅಲ್ಲಿಯೂ ಬಿಟ್ಟಿರಲಿಲ್ಲ. ನಂಬಿಕೆಗಿಂತ ಹೆಚ್ಚಾಗಿ ದಿನಕ್ಕೊಂದು ಗುರುತು ಬೇಕಿತ್ತು. ಒಳಗೆ ಕೊಲೆಗಳನ್ನು ಸುತ್ತಿಟ್ಟುಕೊಂಡ ಕ್ಯಾಸೆಟ್ಟು ಮನೆಯಲ್ಲಿರುವಾಗ ದೀಪ ಹಚ್ಚಲು ನನಗೆ ಮನಸ್ಸೊಪ್ಪಲಿಲ್ಲ. ದೆವ್ವ ನಂಬದವಳ ಅವಸ್ಥೆ ಇದು! ಚಪ್ಪಲಿ ಮೆಟ್ಟಿಕೊಂಡು ಹೋಗಿ ಎರಡನ್ನೂ ಅನ್ವರ್ ಭಾಯಿಗೆ ವಾಪಸು ಕೊಟ್ಟೆ, ನಾಳೆ ಮತ್ತೆ ಒಯ್ಯುತ್ತೇನೆ ಎಂದೆ. ರಿವೈಂಡ್ ಮಾಡಿಲ್ಲ, ಟೇಪು ನಾನು ನಿಲ್ಲಿಸಿದ ಕಡೆಯೇ ಇದೆ ಎಂದದ್ದಕ್ಕೆ ಅವರು, “ಬಿಡಿ ಮೇಡಂ, ನಿಮ್ಮನ್ ಬಿಟ್ರೆ ಅದನ್ನ ಯಾರೂ ಮುಟ್ಟಲ್ಲ. ಹಂಗೇ ಕೊಡಿ, ಹಂಗೇ ತಗೊಂಡೋಗಿ,” ಎಂದು ಚೀಲವೊಂದರಲ್ಲಿ ಹಾಕಿ ಕೌಂಟರಿನ ಕೆಳಗೆ ಮೊಳೆಗೆ ತೂಗುಹಾಕಿದರು. ಅಂದಿನಿಂದ ಅದೇ ರೂಢಿಯಾಯಿತು. ಮಧ್ಯಾಹ್ನ ಒಯ್ಯುವುದು, ಹೆದರಿಕೆಯಾಗುವ ತನಕ ನೋಡುವುದು, ದೀಪ ಹಚ್ಚುವ ಮೊದಲು ವಾಪಸು ಕೊಡುವುದು.

ಮರುದಿನ ಹಳೆಯ ಸಿನಿಮಾ ಹಾಕಿದೆ. ಚಿಲಕದ ಮೇಲಿನ ಕೈ ಬರಬೇಕಿತ್ತು. ಬರಲಿಲ್ಲ. ಅದರ ಬದಲು ಹಗಲಾಗಿತ್ತು, ಹಿತ್ತಲಿನಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು, ಒಂದು ನಾಯಿ ಬಿಸಿಲು ಕಾಯಿಸುತ್ತಿತ್ತು. ನೆರೆಹೊರೆಯವರ ಮಾತಿನಿಂದ, ಬಾಗಿಲು ತೆಗೆದವಳು ಸತ್ತಿದ್ದಾಳೆಂದು ತಿಳಿಯಿತು. ನಮ್ಮ ಹಳೆಯ ವಿಸಿಆರ್ ಏನೋ ಎಡವಟ್ಟು ಮಾಡಿದೆ ಎಂದುಕೊಂಡೆ. ಒಳ್ಳೆಯದೇ ಆಯಿತು ಎಂದೂ ಅಂದುಕೊಂಡೆ. ಇನ್ನೊಬ್ಬ ಹೆಂಗಸು ಮೆಟ್ಟಿಲಿಳಿದು ಬರುವಾಗ ಬಾಟಲಿಗಳ ಸದ್ದು ಕೇಳಿಸಿತು, ಮತ್ತೆ ನಿಲ್ಲಿಸಿದೆ.

ಅದರ ಮರುದಿನವೂ ಹಾಗೇ ಆಯಿತು. ನಾನು ನಿಲ್ಲಿಸಿದ ಜಾಗದಲ್ಲಿ ಟೇಪು ಇರಲಿಲ್ಲ. ಕೊಲೆ ದಾಟಿ ಮುಂದೆ ಹೋಗಿ, ಒಬ್ಬ ಮುದುಕಿ ಕಿಟಕಿಯ ಹತ್ತಿರ ಕಾಫಿ ಕುಡಿಯುವ ಕಡೆ ನಿಂತಿತ್ತು. ಎಲ್ಲೆಂದರಲ್ಲಿ ನಿಂತಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪ್ರತಿ ಸಲವೂ ಭಯ ಮುಗಿದು, ಉಸಿರು ಬಿಟ್ಟು ಕೂರಬಹುದಾದ ಜಾಗದಲ್ಲೇ ನಿಲ್ಲುತ್ತಿತ್ತು. ನಾನು ನೋಡಲಾರದೆ ಬಿಟ್ಟದ್ದನ್ನು ಯಾರೋ ನನ್ನ ಬದಲಿಗೆ ನೋಡಿ ಮುಗಿಸಿ, ಬಾ, ಇಲ್ಲಿಂದ ನೋಡು, ಇನ್ನು ಹೆದರಬೇಡ ಎಂದು ಇಟ್ಟ ಹಾಗಿತ್ತು. ಪರೀಕ್ಷೆಗೆಂದು ಒಂದು ದಿನ ಬೇಕೆಂದೇ ಬಟ್ಟೆ ಒಗೆಯುವ ಶಾಂತ ದೃಶ್ಯವೊಂದರಲ್ಲಿ ನಿಲ್ಲಿಸಿ ಕೊಟ್ಟೆ. ಮರುದಿನ ಟೇಪು ಕೂದಲೆಳೆಯಷ್ಟೂ ಕದಲಿರಲಿಲ್ಲ.

ಹೊಸ ಸಿನಿಮಾದಲ್ಲೂ ಹೀಗೇ. ಆದರೆ ಅಲ್ಲಿ ಆ ಯಾರೋ ಬಹಳ ಪಾಡುಪಟ್ಟಿರಬೇಕು. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವಾಗ ನಾನು ನಿಲ್ಲಿಸಿದ್ದೆ. ಮರುದಿನ ಹಾಕಿದರೆ ಸಿನಿಮಾದ ಸುಮಾರು ಮೂರನೆಯ ಒಂದು ಭಾಗವೇ ದಾಟಿಹೋಗಿತ್ತು. ಪೊಲೀಸರಲ್ಲಿ ಹಿರಿಯವನು ತನ್ನ ಮೇಜಿನ ಮುಂದೆ ಕೂತು ಒಂದು ಕಿತ್ತಳೆ ಸುಲಿಯುತ್ತಿದ್ದ. ಅಷ್ಟು ದೂರ ಹೋದರೂ ನನಗೆಂದು ಹುಡುಕಿ ಇಡಲು ಅದೊಂದೇ ನೆಮ್ಮದಿಯ ಜಾಗ ಸಿಕ್ಕಿತ್ತು.

ನನ್ನ ಲೇಖನಕ್ಕೆ ತಲೆಬುಡ ಸಿಕ್ಕಿದ್ದು ಅಲ್ಲೇ. ಎರಡು ಸಿನಿಮಾಗಳಿಗೂ ಇರುವ ವ್ಯತ್ಯಾಸ ರಕ್ತದ್ದಲ್ಲ, ಬಣ್ಣದ್ದಲ್ಲ ಎಂದು ಬರೆದೆ. ಹಳೆಯ ನಿರ್ದೇಶಕ ಪ್ರತಿ ಕೊಲೆಯ ಆಚೆಗೊಂದು ಹಗಲನ್ನು ಇಡುತ್ತಾನೆ, ನೋಡುವವರು ಆಮೇಲೆ ಮನೆಗೆ ಹೋಗಿ ಮಲಗಬೇಕಾದವರು ಎಂಬುದು ಅವನಿಗೆ ನೆನಪಿದೆ. ಹೊಸಬನಿಗೆ ಆ ದಾಕ್ಷಿಣ್ಯವಿಲ್ಲ. ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಂದೇ: ಎರಡರಲ್ಲೂ ಸಾಯುವ ಹೆಂಗಸರಿಗಾಗಿ ಕಾಯುತ್ತಿರುವವರು ಯಾರೂ ಇಲ್ಲ. ಅವಳು ಬಂದಳೋ ಇಲ್ಲವೋ ಎಂದು ವಿಚಾರಿಸುವವರಿದ್ದ ಮನೆಯ ಕಡೆ ಇಬ್ಬರು ಕೊಲೆಗಾರರೂ ತಲೆಹಾಕುವುದಿಲ್ಲ. ಇದನ್ನು ಬರೆದು ಎದ್ದುಹೋಗಿ, ಗಾಜಿನ ಬಾಗಿಲಿನ ಚಿಲಕ ಹಾಕಿದೆಯೇ ಎಂದು ನೋಡಿ ಬಂದೆ.

ಸುಧೀಂದ್ರ ಮನೆಯಲ್ಲಿದ್ದ ಒಂದು ಅಪರೂಪದ ಶನಿವಾರ ಅವನಿಗೆ ಎಲ್ಲವನ್ನೂ ಹೇಳಿದೆ. “ಟೇಪ್ ಲೂಸಾಗಿರತ್ತೆ ಕಣೆ. ಅಂಗಡಿಗೆ ಹೋಗೋವಾಗ ಚೀಲ ಅಲ್ಲಾಡಿ ಸುತ್ಕೊಳತ್ತೆ,” ಎಂದ. ಅಲ್ಲಾಡುವ ಚೀಲಕ್ಕೆ ಕೊಲೆ ಯಾವುದು ಕಾಫಿ ಯಾವುದು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅವನು ಪಾಪ, ಸರಿ, ಇವತ್ತು ಜೊತೆಗೆ ಕೂತು ನೋಡೋಣ ಎಂದು ನನ್ನ ಕೈ ಹಿಡಿದು ಸೋಫಾದ ಮೇಲೆ ಕೂತ. ಅವನಿಗಾಗಿ ಟೇಪು ಹಿಂದಕ್ಕೆ ಸುತ್ತಿ ಮೊದಲಿನಿಂದ ಹಾಕಿದೆ, ತೆರೆಯ ಮೇಲೆ ಹೆಸರುಗಳು ಬಂದು ಮುಗಿಯುವುದರೊಳಗೆ ಅವನು ನಿದ್ದೆಹೋದ. ಆ ಮುಖದ ದಣಿವು ನೋಡಿ ಎಬ್ಬಿಸಲು ಮನಸ್ಸಾಗಲಿಲ್ಲ. ನಾನು ಕ್ಯಾಸೆಟ್ಟು ವಾಪಸು ಕೊಟ್ಟು ಬಂದಾಗ ಕಣ್ಣುಜ್ಜಿಕೊಂಡು, “ಮುಗೀತಾ? ಯಾರು ಕೊಲೆಗಾರ?” ಎಂದ.

ಆಮೇಲೆ ಅವನ ಮುಂದೆ ಆ ವಿಷಯ ಎತ್ತಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಭಯ ಹೋಗಿ ಬೇರೇನೋ ಆಗಿತ್ತು. ಮಧ್ಯಾಹ್ನ ಯಾವಾಗ ಆಗುತ್ತದೋ ಎಂದು ಕಾಯುತ್ತಿದ್ದೆ. ಭಯದ ಜಾಗ ಬಂದಾಗ ಕ್ಯಾಸೆಟ್ಟು ಹೊರಗೆ ತೆಗೆದು, “ಇನ್ನು ನೀವು ನೋಡಿ,” ಎಂದು ಬಾಯಿಬಿಟ್ಟೇ ಹೇಳುತ್ತಿದ್ದೆ. ನನಗೆ ಯಾವುದು ಆಗುವುದಿಲ್ಲ, ಯಾವುದು ಹಿಡಿಸುತ್ತದೆ ಎಂದು ಆ ದೇಶದಲ್ಲಿ ಅಷ್ಟು ಸರಿಯಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಅವರು ಯಾರೇ ಆಗಿರಲಿ, ಇರಲಿ, ಬಿಟ್ಟುಹೋಗದಿರಲಿ ಎಂದು ಮನಸ್ಸು ಬೇಡುತ್ತಿತ್ತು. ಒಮ್ಮೆ ಮುಖ ನೋಡಬೇಕೆಂಬ ಆಸೆಯೂ ಇತ್ತು.

ತಡೆಯಲಾರದೆ ಅನ್ವರ್ ಭಾಯಿಯನ್ನು ಕೇಳಿಯೇಬಿಟ್ಟೆ, ರಾತ್ರಿ ನನ್ನ ಕ್ಯಾಸೆಟ್ಟು ನೋಡುವವರು ನೀವೇ ತಾನೇ ಎಂದು. ಅವರು ಕಕ್ಕಾಬಿಕ್ಕಿಯಾದರು. “ನಾನಾ? ನೋಡಿ ಮೇಡಂ,” ಎಂದು ಅಂಗಡಿಯ ಟಿವಿಯ ಕಡೆ ಕೈ ತೋರಿಸಿದರು. ಅವರ ವಿಸಿಆರಿನೊಳಗೆ ಒಂದು ಹಾಡಿನ ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡು ತಿಂಗಳುಗಳೇ ಆಗಿದ್ದವು. ಅದನ್ನು ತೆಗೆಯಲಿಕ್ಕೇ ಬರುತ್ತಿರಲಿಲ್ಲ, ಹಾಗಾಗಿ ಯಾವಾಗ ಹೋದರೂ ಅವೇ ಹಾಡುಗಳು. “ಮನೇಗೂ ತಗೊಂಡೋಗಲ್ಲ. ನೀವು ಕೊಟ್ಟಿದ್ದು ಈ ಮೊಳೆ ಮೇಲೇ ಇರತ್ತೆ. ಷಟರ್ ಎಳೆದು ಬೀಗ ಹಾಕೋದೂ ನಾನೇ, ತೆಗೆಯೋದೂ ನಾನೇ.”

ಖತೀಜಾಬಿಯವರ ಕಡೆ ನೋಡಿದೆ. ಅವರು ಕೊತ್ತಂಬರಿ ಬಿಡಿಸುವುದನ್ನು ನಿಲ್ಲಿಸಿದ್ದರು. “ನನ್ನ ಕಡೆ ಯಾಕ ನೋಡ್ತೀವಾ? ಎರಡೂ ಕಣ್ಣಾಗ ಪೊರಿ ಬಂದದ. ಟಿವಿ ಮುಂದ ಕುಂತ್ರ ಬರೇ ಮಂಜು,” ಎಂದರು. ಆಮೇಲೆ ನನ್ನ ಮುಖ ಹೇಗಿತ್ತೋ ಏನೋ, ಅವರಿಗೆ ಎಷ್ಟು ಕಂಡಿತೋ, ಕೈ ಹಿಡಿದು ಹತ್ತಿರ ಎಳೆದುಕೊಂಡರು. “ಯಾರರೆ ನೋಡ್ತಿದ್ರ ನೋಡ್ಲಿ ಬಿಡು. ನಿನಗೇನು ಕೆಟ್ಟದ್ದು ಮಾಡ್ಯಾರೇನು? ಭಾಳ ಕೆದಕಬ್ಯಾಡ.” ಕೈಯಲ್ಲಿ ಕೊತ್ತಂಬರಿಯ ವಾಸನೆ ಇತ್ತು. ನನಗೆ ಅಲ್ಲೇ ಕಣ್ಣೀರು ಬಂದುಬಿಟ್ಟಿತು.

ಸಂಚಿಕೆ ಅಚ್ಚಾಯಿತು. ಡಾಕ್ಟರಮ್ಮ ಫೋನು ಮಾಡಿ, “ಚೆನ್ನಾಗಿದೆ ಕಣ್ರೀ, ಆದ್ರೆ ಕೊಲೆ ಸಿನಿಮಾ ಬಗ್ಗೆ ಬರ್ದು ಒಂದ್ ಕೊಲೇನೂ ವರ್ಣಿಸಿಲ್ವಲ್ಲ!” ಎಂದು ನಕ್ಕರು. ಒಂದನ್ನೂ ನಾನು ನೋಡಿರಲಿಲ್ಲ, ಎಲ್ಲಿಂದ ವರ್ಣಿಸಲಿ? ಹಳೆಯ ಸಿನಿಮಾದ ಕೊನೆಯನ್ನಂತೂ ಮುಟ್ಟಿಯೇ ಇರಲಿಲ್ಲ. ಕೊನೆ ನೋಡದೆ ವಿಮರ್ಶೆ ಬರೆದ ಮೊದಲಿಗಳೇನೂ ನಾನಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ನಿಜವಾದ ಕಾರಣ ಬೇರೆ. ಕೊನೆಯ ತನಕ ಹೋದರೆ ಆ ಇನ್ನೊಬ್ಬರಿಗೆ ನೋಡಲು ಏನೂ ಉಳಿಯುವುದಿಲ್ಲ. ಲೇಖನ ಮುಗಿದ ಮೇಲೂ ನಾನು ಕ್ಯಾಸೆಟ್ಟು ಒಯ್ಯುತ್ತಿದ್ದೆ, ಸ್ವಲ್ಪ ಸ್ವಲ್ಪವೇ ನೋಡಿ, ಹಿಂದಕ್ಕೆ ಸುತ್ತಿ, ಕಾಲ ತಳ್ಳುತ್ತಿದ್ದೆ.

ಕೊನೆಗೂ ಒಂದು ಮಧ್ಯಾಹ್ನ ಆ ಜಾಗಕ್ಕೆ ಬಂದೆ. ಬೀದಿಯಲ್ಲಿ ಉಳಿದವಳು ಒಬ್ಬಳೇ, ಕಿಟಕಿಯ ಹತ್ತಿರ ಕಾಫಿ ಕುಡಿಯುವ ಆ ಮುದುಕಿ. ಇಡೀ ಸಿನಿಮಾದಲ್ಲಿ ನನಗೆ ತೀರ ಹತ್ತಿರದವಳಾಗಿದ್ದವಳು. ಹೊರಗೆ ಬಾಟಲಿಗಳ ಸದ್ದಾಯಿತು. ಅವಳು ಕಪ್ಪು ಕೆಳಗಿಟ್ಟು, ಶಾಲು ಸರಿಮಾಡಿಕೊಂಡು ಎದ್ದು ನಿಂತಳು. ನಿಲ್ಲಿಸಿದೆ. ಇನ್ನು ನೀವು ನೋಡಿ ಎಂದೆ.

ಅಂಗಡಿಗೆ ಹೋದರೆ ಬಾಗಿಲ ಮುಂದೆ ರಟ್ಟಿನ ಪೆಟ್ಟಿಗೆಗಳು. ಒಳಗಿನ ಕಪಾಟುಗಳೆಲ್ಲ ಖಾಲಿ, ಟಿವಿ ಇಲ್ಲ, ಸ್ಟೂಲಿಲ್ಲ. “ಯಾವ್ದೋ ಡಾಟ್‌ಕಾಮಿಗೆ ಆಫೀಸು ಬೇಕಂತೆ ಮೇಡಂ. ಓನರು ಬಿಡಿ ಅಂದ್ಬಿಟ್ಟ,” ಎಂದರು ಅನ್ವರ್ ಭಾಯಿ. ಖತೀಜಾಬಿಯವರನ್ನು ಆಗಲೇ ಚಿಕಾಗೋದ ತಮ್ಮ ತಂಗಿಯ ಮನೆಗೆ ಕಳಿಸಿದ್ದರು. ನಾನು ಚಾಚಿದ ಚೀಲವನ್ನು ಅವರು ತೆಗೆದುಕೊಳ್ಳಲಿಲ್ಲ. “ನೀವೇ ಇಟ್ಕೊಳ್ಳಿ. ನಿಮ್ ಥರ ಪ್ರೀತಿಯಿಂದ ಯಾರು ನೋಡ್ತಾರೆ?” ಎಂದರು.

ನಾನು ಬೇಡಿಕೊಂಡೆ. ಈ ಒಂದು ರಾತ್ರಿ ಇದು ಇಲ್ಲೇ ಇರಲಿ, ಬೆಳಿಗ್ಗೆ ಬಂದು ಒಯ್ಯುತ್ತೇನೆ, ಆ ಮೊಳೆಗೇ ತಗುಲಿಹಾಕಿ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಹೇಗೆ ಅರ್ಥವಾದೀತು? “ಬೀಗದ ಕೈ ಈಗ್ಲೇ ಕೊಡ್ಬೇಕು ಮೇಡಂ. ಕೌಂಟರೂ ಹೋಯ್ತು, ನೋಡಿ,” ಎಂದು ತೋರಿಸಿದರು. ಕೌಂಟರ್ ಇದ್ದ ಜಾಗದಲ್ಲಿ ಕಾರ್ಪೆಟ್ಟಿನ ಬಣ್ಣ ಬೇರೆಯಾಗಿತ್ತು. ಚೀಲ ಹಿಡಿದುಕೊಂಡು ಮನೆಗೆ ಬಂದೆ.

ಮೊದಲ ಬಾರಿಗೆ ಆ ಕ್ಯಾಸೆಟ್ಟುಗಳು ಮನೆಯಲ್ಲಿದ್ದಂತೆಯೇ ದೀಪ ಹಚ್ಚಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಚೀಲ ಇಟ್ಟು, ಸಂಕೋಚವಾದರೂ ಆ ಮಾತನ್ನು ಇನ್ನೊಮ್ಮೆ ಹೇಳಿದೆ. ಸುಧೀಂದ್ರ ಅಂದು ಬರಲಿಲ್ಲ. ಬೆಳಿಗ್ಗೆ ಹಲ್ಲು ಕೂಡ ಉಜ್ಜದೆ ಟೇಪು ಹಾಕಿದೆ. ಮುದುಕಿ ಶಾಲು ಸರಿಮಾಡಿಕೊಂಡು ನಿಂತಿದ್ದಳು. ಎಲ್ಲಿ ನಿಲ್ಲಿಸಿದ್ದೆನೋ ಅಲ್ಲೇ. ಮರುದಿನವೂ ಅಲ್ಲೇ. ಬೀರುವಿನಲ್ಲಿಟ್ಟು ನೋಡಿದೆ, ಬಾಗಿಲ ಬಳಿ ಇಟ್ಟು ನೋಡಿದೆ, ಅಂಗಡಿಯಲ್ಲಿದ್ದ ಹಾಗೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿಯೂ ನೋಡಿದೆ. ಎರಡು ಸಿನಿಮಾಗಳೂ ಸೇರಿ ಹುಟ್ಟಿಸದಿದ್ದ ಭಯ, ಆ ಟೇಪು ಕದಲದೆ ನಿಂತಿದ್ದನ್ನು ನೋಡಿ ನನಗೆ ಹುಟ್ಟಿತು. ಸೋಫಾದ ಮೇಲೆ ಕೂತು, ಸತ್ತವರಿಗಾಗಿ ಅಳುವ ಹಾಗೆ ಅತ್ತೆ.

ಅದು ಯಾರು, ಏನು, ಎಲ್ಲಿಯದು, ನನಗೆ ಇಂದಿಗೂ ತಿಳಿದಿಲ್ಲ. ಸುಧೀಂದ್ರನ ಕಂಪನಿ ಲಾಂಚಾಗದೆಯೇ ಮುಚ್ಚಿತು, ನಾವು ಮನೆಗಳನ್ನು ಬದಲಿಸಿದೆವು, ನಾನೂ ಕೆಲಸ ಹಿಡಿದೆ, ಮಾತಿಗೆ ಜನ ಸಿಕ್ಕರು. ಆ ಸಿನಿಮಾ ಈಗ ಬೇಕೆಂದಾಗ ಎಲ್ಲಿ ಬೇಕಾದರೂ ನೋಡಬಹುದು, ಆಮೇಲೆ ಹುಟ್ಟಿದ ನಮ್ಮ ಮಗಳು ಹತ್ತು ಸಲ ಹೇಳಿದ್ದಾಳೆ. ಅಂತ್ಯವೇನು ಎಂದು ಯಾರಾದರೂ ಬಾಯಿ ತೆರೆದರೆ ಕಿವಿ ಮುಚ್ಚಿಕೊಳ್ಳುತ್ತೇನೆ. ಆ ಮುದುಕಿ ಬಾಗಿಲು ತೆಗೆದಳೋ ಇಲ್ಲವೋ, ಬದುಕಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಒಬ್ಬಳೇ ನೋಡುವ ಧೈರ್ಯ ನನಗೆ ಬರಲಿಲ್ಲ.